ಚಂಪಕ್ಕನ ಹೂಂ

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ಮಗಳು ಅನಿತಾಳ ಜೊತೆಗಿರುವ ಚಂಪಕ್ಕನಿಗೆ ಸಾವಿನ ಭಯವಿಲ್ಲ, ಮರೆವಿನದ್ದೇ ಭಯ. ಹೆತ್ತ ತಾಯಿ ಕೊನೆಗಾಲದಲ್ಲಿ “ನೀನು ಯಾರ ಮನೆಯವಳಮ್ಮ?” ಎಂದು ಕೇಳಿದ್ದು ಇಂದಿಗೂ ಆಕೆಯನ್ನು ಚುಚ್ಚುತ್ತದೆ. ಅದಕ್ಕೇ ಬೆಳಿಗ್ಗೆ ಪಾರ್ಕಿನಲ್ಲಿ ತಮಿಳು ಗೆಳತಿಯರ ಜೊತೆ ಬಿರುಸಿನ ನಡಿಗೆ, ಆಮೇಲೆ ತಮಿಳು ಮುಸ್ಲಿಮರ ಮಮಕ್ ಅಂಗಡಿಯಲ್ಲಿ ಸಕ್ಕರೆಯಿಲ್ಲದ ಚಹಾ, ಮಧ್ಯಾಹ್ನ ಪದಬಂಧ. ಆ ಚಹಾ ಕುಡಿಯುವಾಗಿನ ಮುಖ ನೋಡಿದರೆ ಕಷಾಯವೇ ವಾಸಿ ಅನ್ನಿಸಬೇಕು.

ಮೊಮ್ಮಗಳು ಪೂರ್ವಿಯನ್ನು ಶಾಲೆಯಿಂದ ಕರೆತರುವುದು ಚಂಪಕ್ಕನ ಕೆಲಸ. ಇಡೀ ದಿನ ಆ ಹೊತ್ತಿಗಾಗಿಯೇ ಕಾಯುತ್ತಾಳೆ. ದಾರಿಯುದ್ದಕ್ಕೂ ಮಗು ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತದೆ, ಅಜ್ಜಿ ‘ಹೂಂ’ ಅನ್ನುತ್ತಾಳೆ. ಅರ್ಧ ಗೊತ್ತಾಗದಿದ್ದರೂ ಹೂಂ. ಇಂಗ್ಲಿಷು ಬಾರದವಳು ಅನ್ನಿಸಿಕೊಳ್ಳುವುದಕ್ಕಿಂತ ಅದೇ ಮರ್ಯಾದೆ ಎಂದು ಆಕೆಯ ಎಣಿಕೆ.

ಒಂದು ಶುಕ್ರವಾರ ಶಾಲೆ ಬೇಗ ಬಿಟ್ಟಿತ್ತು. ಚಂಪಕ್ಕ ಎಂದಿನ ಹೊತ್ತಿಗೆ ಹೋದಾಗ ಮಗು ಗೇಟಿನ ಬಳಿ ಅತ್ತು ಅತ್ತು ಕೆಂಪಾಗಿತ್ತು.

“ಅಜ್ಜಿ, ಐ ಟೋಲ್ಡ್ ಯೂ ಲಾ! ಯೂ ಸೆಡ್ ಹೂಂ!”

ಚಂಪಕ್ಕನಿಗೆ ಏನೂ ನೆನಪಿಗೆ ಬರಲಿಲ್ಲ. ಅಮ್ಮನ ಕಾಯಿಲೆ ತನಗೂ ಬಂತೆಂದೇ ಅಂದುಕೊಂಡಳು.

ಅನಿತಾ ಅಮ್ಮನನ್ನು ಅಲ್ಲೇ ಕ್ಲಿನಿಕ್ ಇಟ್ಟಿರುವ ದಾವಣಗೆರೆ ಮೂಲದ ಡಾಕ್ಟರ್ ಖುಶ್ನುಮಾರ ಹತ್ತಿರ ಕರೆದೊಯ್ದಳು. ನೆನಪಿನ ಪರೀಕ್ಷೆಯಲ್ಲಿ ಚಂಪಕ್ಕ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ, ಯಾರೂ ಕೇಳದ ಕುಂದಾಪುರದ ನೆಂಟರ ವಂಶಾವಳಿಯನ್ನೂ ಒಪ್ಪಿಸಿದಳು. ಡಾಕ್ಟರು ಬೆನ್ನ ಹಿಂದೆ ನಿಂತು ಮೆಲ್ಲಗೆ ಆಕೆಯ ಹೆಸರು ಕೇಳಿದರು. ಚಂಪಕ್ಕ ಗೋಡೆಯ ಗಡಿಯಾರ ನೋಡುತ್ತಾ ಕೂತೇ ಇದ್ದಳು.

“ನೆನಪು ಚೆನ್ನಾಗಿದೆ ಆಂಟಿ, ಕಿವಿ ಮಂದ ಆಗಿದೆ. ಕೇಳಿಸದ ಮಾತು ನೆನಪಿರೋದಾದ್ರೂ ಹೇಗೆ? ಹೀಗೇ ಬಿಟ್ರೆ ಮುಂದೆ ಮರೆವಿನ ರಿಸ್ಕೂ ಜಾಸ್ತಿ. ವಾಕಿಂಗ್ ಥರಾನೇ ಕಿವಿಗೊಂದು ಮೆಷಿನ್ನೂ ಬೇಕು.”

“ಕಿವಿಗೆ ಮೆಷಿನ್ನಾ? ಅದು ಮುದುಕಿಯರಿಗಲ್ವಾ!” ಎಂದಳು ಅರವತ್ತೆಂಟರ ಚಂಪಕ್ಕ.

ಆದರೂ ಮರೆವಿಗಿಂತ ಮೆಷಿನ್ನೇ ಮೇಲೆಂದು ಒಪ್ಪಿದಳು. ಅದನ್ನು ಹಾಕಿಸಿಕೊಂಡು ಬಂದ ಸಂಜೆ ಸೋಫಾದಲ್ಲಿ ಕೂತರೆ ಫ್ಯಾನಿಗೂ ದನಿಯಿತ್ತು. ಅಡುಗೆಮನೆಯಲ್ಲಿ ಅನಿತಾ ಗಂಡನ ಹತ್ತಿರ ಪಿಸುಗುಟ್ಟುತ್ತಿದ್ದಳು: “ನಾಳೆಯಿಂದ ಪೂರ್ವಿನ ವ್ಯಾನಲ್ಲೇ ಕರೆಸೋಣ. ಅಮ್ಮನ ಮೇಲೆ ಬಿಡೋಕೆ ಯಾಕೋ ಧೈರ್ಯ ಬರ್ತಿಲ್ಲ. ಅಮ್ಮಂಗೆ ಹೇಗೆ ಹೇಳೋದು?”

ಚಂಪಕ್ಕನಿಗೆ ನೋವಾಯಿತು. ಬೆನ್ನಿಗೇ ಸಿಟ್ಟೂ ಬಂತು.

“ಹೇಳೋದೇನೂ ಬೇಡ, ಕೇಳಿಸ್ತು!” ಎಂದು ಕೂತಲ್ಲಿಂದಲೇ ಕೂಗಿದಳು. “ವ್ಯಾನೂ ಬೇಡ, ಗೀನೂ ಬೇಡ. ನಾಳೆ ನಾನೇ ಹೋಗ್ತೀನಿ.”

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಮೊದಲು ನಕ್ಕವಳು ಅನಿತಾ.

“ಹೋಗಮ್ಮ,” ಎಂದಳು, ಪಿಸುಮಾತಿನಲ್ಲೇ.

ಚಂಪಕ್ಕನಿಗೆ ಅದೂ ಕೇಳಿಸಿತು.