ಬರಿ ಹೆಸರಿಗೆ ದಾರಿ ತೋರಿಸುವ ತಿಲ್ಕಾ

“ಹಲಗೆ ಮೇಲೆ ಜಾಗ ಎಲ್ಲಿತ್ತು, ತಿಲ್ಕಾ? ಮೂರು ಡಬ್ಲ್ಯೂ ಬರೆಯೋಕೆ ಹೋಗಿದ್ರೆ ಕರಡಿ ತಲೆ ಕತ್ತರಿಸ್ಬೇಕಾಗ್ತಿತ್ತು,” ಅಂತಾರೆ ಸಿರಿಲ್ ಲೇಗಾತ್.

ಬೆಳಗಿನ ಐದೂಮುಕ್ಕಾಲು. ತಿಲ್ಕಾರ ಅಡುಗೆಮನೆಯಲ್ಲಿ ಅವರು, ಸಿರಿಲ್, ಮತ್ತು ಇದನ್ನು ನೋಡಿ ಬರೆಯಲು ಬಂದ ನಾನು. ಸಿರಿಲ್ ನಮ್ಮ ರಾದೋವ್ಲಿತ್ಸಾದ ಜೇನು ಸಾಕುವವರ ಸಂಘದ ಅಧ್ಯಕ್ಷರು. ಇನ್ನೂರಹತ್ತು ಜೇನುಪೆಟ್ಟಿಗೆಗಳ ಮುಂಬದಿಯ ಹಲಗೆಗೆ ಕರಡಿಯ ಚಿತ್ರ ಬರೆದು, ಅಡಿಯಲ್ಲಿ ಸಂಘದ ವೆಬ್‌ಸೈಟಿನ ಬರಿ ಹೆಸರನ್ನಷ್ಟೇ, ಮುಂದಿನ ಮೂರು ಡಬ್ಲ್ಯೂ ಇಲ್ಲದೆ, ಬರೆದವರೂ ಅವರೇ.

“ಕರಡಿ ಇರ್ಲಿ ಬಿಡಿ ಸಿರಿಲಣ್ಣ. ಜನ ನೋಡೋದೇ ಅದನ್ನ,” ಅಂತಾರೆ ತಿಲ್ಕಾ ರೆಸ್ಮಾನ್, ಪರದೆಯಿಂದ ಕಣ್ಣು ಕೀಳದೆ.

ಅರವತ್ಮೂರರ ತಿಲ್ಕಾ ಊರಿನ ಎಪ್ಪತ್ನಾಲ್ಕು ಇಂಟರ್ನೆಟ್ ಹೆಸರುಗಳನ್ನು ತಮ್ಮ ಅಡುಗೆಮನೆಯ ಮೇಜಿನಿಂದಲೇ ನೋಡಿಕೊಳ್ಳುತ್ತಾರೆ. ಬೇಕರಿಯದು, ಹಲ್ಲಿನ ಡಾಕ್ಟರದು, ಬೆಂಕಿ ಆರಿಸುವ ಸ್ವಯಂಸೇವಕರದು. ಹೆಸರು ಒತ್ತಿದವರನ್ನು ಸರಿಯಾದ ಕಂಪ್ಯೂಟರಿನ ಸಂಖ್ಯೆಗೆ ಮುಟ್ಟಿಸುವ ಈ ಏರ್ಪಾಟಿಗೆ ಡಿಎನ್ಎಸ್ ಅಂತಾರೆ. ಅದು ನಡೆಯುವಷ್ಟು ದಿನ ಇವರ ನೆನಪು ಯಾರಿಗೂ ಆಗುವುದಿಲ್ಲ.

ಇವತ್ತು ಒಂಬತ್ತಕ್ಕೆ ರಾಣಿಜೇನಿನ ಆರ್ಡರ್ ಶುರು. ಸಂಘದ ವರ್ಷದ ದುಡಿಮೆಯೆಲ್ಲ ಅದರ ಮೇಲೆ ನಿಂತಿದೆ. ಸಂಘದ ಪುಟ ಇಲ್ಲಿಯವರೆಗೆ ಇದ್ದ ಹಳೆಯ ಸರ್ವರ್ ಎಂಟಕ್ಕೇ ನಿಲ್ಲುತ್ತದೆ. ಇನ್ನು ಮುಂದೆ ಪುಟವನ್ನು ಇಟ್ಟುಕೊಳ್ಳುವ ಹೊಸ ಕಂಪನಿ ತನ್ನ ಸಂಖ್ಯೆ ಕೊಡುವುದಿಲ್ಲ, ಅದು ಬದಲಾಗುತ್ತಲೇ ಇರುತ್ತದಂತೆ. ಕೊಟ್ಟಿರುವುದು ಒಂದು ಹೆಸರು ಮಾತ್ರ.

ಮೂರು ಡಬ್ಲ್ಯೂ ಇದ್ದರೆ ತೊಂದರೆಯಿಲ್ಲ. ‘ಇವರ ವಿಳಾಸ ಆ ಹೆಸರಿನವರನ್ನು ಕೇಳಿ’ ಅನ್ನುವ ಸಿನೇಮ್ ದಾಖಲೆ ಹಚ್ಚಿದರಾಯಿತು. ಬರಿ ಹೆಸರಿಗೆ ಹಾಗೆ ಹಚ್ಚುವಂತಿಲ್ಲ. ಸಂಘದ ಮೇಲ್ ಎಲ್ಲಿಗೆ ಹೋಗಬೇಕು ಅನ್ನುವ ದಾಖಲೆಯೂ ಅಲ್ಲೇ ಇದೆ. ಸಿನೇಮ್ ಕೂತ ಕಡೆ ಬೇರೆಯವರಿಗೆ ಜಾಗವಿಲ್ಲ.

“ಹೋದ ವರ್ಷ ನಾನೇ ಹಚ್ಚಿದ್ದೆ,” ಸಿರಿಲ್ ಒಪ್ಪಿಕೊಳ್ಳುತ್ತಾರೆ. “ಪುಟ ತೆರೀತು. ಹೆಂಡ್ತಿ ಮುಂದೆ ಮೀಸೆ ತಿರುವಿದೆ. ಎರಡು ದಿನ ಒಂದು ಮೇಲೂ ಬರ್ಲಿಲ್ಲ.”

“ನಿಮಗೆ ಮೀಸೆ ಎಲ್ಲಿದೆ?”

“ಆಮೇಲೆ ಬೋಳಿಸ್ದೆ.”

ಇದಕ್ಕೆ ಮದ್ದು ಸಿನೇಮ್ ಫ್ಲಾಟನಿಂಗ್. ತಿಲ್ಕಾ ಅದನ್ನು ತಮ್ಮ ಹಳೆಯ ನೌಕರಿಯಿಂದ ಅರ್ಥ ಮಾಡಿಕೊಂಡವರು. ಸರಪಳಿ ಕಾರ್ಖಾನೆಯ ಟೆಲಿಫೋನ್ ಬೋರ್ಡಿನಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದರು. ಬೋರ್ಡು ಹೋಯಿತು, ಕೆಲಸವೂ ಹೋಯಿತು. ಆಮೇಲೆ ಡಿಎನ್ಎಸ್ ಬಗ್ಗೆ ಲೈಬ್ರರಿಯಲ್ಲಿದ್ದ ಜರ್ಮನ್ ಪುಸ್ತಕವನ್ನು ನಿಘಂಟು ಇಟ್ಟುಕೊಂಡು ಎರಡು ಚಳಿಗಾಲ ಓದಿದರು.

“ಫೋನ್ ಮಾಡಿದವರು ಕಾರ್ಖಾನೆ ಡಾಕ್ಟರ್ ಬೇಕು ಅಂತಿದ್ರು. ಅವರು ಇವತ್ತು ಯಾವ ಶೆಡ್ಡಲ್ಲಿದಾರೆ ಅಂತ ನಾನೇ ಹುಡುಕಿ ಲೈನ್ ಕೊಡ್ತಿದ್ದೆ. ‘ಅಲ್ಲಿ ಕೇಳಿ, ಇಲ್ಲಿ ಕೇಳಿ’ ಅಂತ ಅಲೆಸ್ತಿರ್ಲಿಲ್ಲ. ಇದೂ ಅಷ್ಟೇ. ನಮ್ಮ ನೇಮ್‌ಸರ್ವರೇ, ಅಂದ್ರೆ ಹೆಸರು ಕೇಳಿದವರಿಗೆ ಉತ್ತರ ಕೊಡೋ ಕಂಪ್ಯೂಟರೇ, ಹೋಗಿ ಆ ಹೆಸರಿನ ಇವತ್ತಿನ ಸಂಖ್ಯೆ ಕೇಳ್ಕೊಂಡು ಬರುತ್ತೆ. ಕೇಳಿದವರಿಗೆ ಸಂಖ್ಯೆ ಮಾತ್ರ ಕೊಡುತ್ತೆ. ಮೇಲ್ ದಾಖಲೆ ತನ್ನ ಪಾಡಿಗೆ ಇರುತ್ತೆ.”

ಹೋದ ವಾರವೇ ಫ್ಲಾಟನಿಂಗ್ ಗೊತ್ತಿರುವ ಡಿಎನ್ಎಸ್ ಸೇವೆಯೊಂದಕ್ಕೆ ಎಲ್ಲ ದಾಖಲೆಗಳನ್ನೂ, ಮೇಲ್ ದಾಖಲೆಯನ್ನು ಮೊದಲು, ನಕಲು ಮಾಡಿದ್ದಾರೆ. ಆಮೇಲೆ ಹೆಸರು ಕೊಂಡ ಕಡೆ ಹೋಗಿ ನೇಮ್‌ಸರ್ವರ್ ಬದಲಿಸಿದ್ದಾರೆ. ಈಗ ಬರಿ ಹೆಸರಿನ ಹಳೆಯ ಸಂಖ್ಯೆ ಅಳಿಸುತ್ತಾರೆ. ಹೊಸ ದಾಖಲೆ: ಬಗೆ ಸಿನೇಮ್, ಹೆಸರಿನ ಜಾಗದಲ್ಲಿ ಬರಿ ಹೆಸರನ್ನೇ ಸೂಚಿಸುವ ‘@’ ಗುರುತು, ಗುರಿಯ ಜಾಗದಲ್ಲಿ ಹೊಸ ಕಂಪನಿ ಕೊಟ್ಟ ಹೆಸರು. ಈ ಸೇವೆಯಲ್ಲಿ ಬರಿ ಹೆಸರಿಗೆ ಫ್ಲಾಟನಿಂಗ್ ತಾನಾಗೇ ಆಗುತ್ತದೆ. “ಕೆಲವು ಕಡೆ ಬೇರೆ ಗುಂಡಿ ಒತ್ಬೇಕು, ಕೆಲವು ಕಡೆ ಇದನ್ನೇ ‘ಅಲಯಸ್’ ಅಂತಾರೆ. ಹೆಸರು ನೋಡಿ ಹೆದರ್ಬೇಡಿ.”

ಹಳೆಯ ಉತ್ತರ ಜನರ ಕಂಪ್ಯೂಟರುಗಳಿಂದ ಮಾಸಲು ಐದು ನಿಮಿಷ. ಸಿರಿಲ್, ಮನೆಯೊಳಗೆ ಹಾಕಿಕೊಳ್ಳಲು ಅತಿಥಿಗಳಿಗೆಂದು ಇಟ್ಟ ಚಪ್ಪಲಿಯಲ್ಲಿ, ಅಡುಗೆಮನೆ ಉದ್ದಕ್ಕೂ ಓಡಾಡುತ್ತಾರೆ. ತಿಲ್ಕಾ ಎರಡು ಪ್ರಶ್ನೆ ಹಾಕುತ್ತಾರೆ. ವಿಳಾಸ ಕೇಳಿದರೆ ಹೊಸ ಸಂಖ್ಯೆ ಬರುತ್ತದೆ. ಮೇಲ್ ಕೇಳಿದರೆ, ಬೇರೆಯೇ ಸರ್ವರಿನಲ್ಲಿರುವ ಹಳೆಯ ಅಂಚೆಮನೆಯೇ ಬರುತ್ತದೆ. ಎಂಟಾಗುತ್ತದೆ. ಹಳೆಯ ಸರ್ವರ್ ನಿಲ್ಲುತ್ತದೆ, ಪುಟ ನಿಲ್ಲುವುದಿಲ್ಲ.

“ನಿಮಗೊಂದು ಸನ್ಮಾನ ಮಾಡಿಸ್ಲಾ ತಿಲ್ಕಕ್ಕ?” ನಾನು ಕೇಳುತ್ತೇನೆ.

“ಬೇಡಪ್ಪ. ನನ್ನ ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ. ಎಪ್ಪತ್ನಾಲ್ಕು ಹೆಸರಿವೆ, ಯಾರೂ ಬರ್ತಿಲ್ಲ. ನೋಡಿ, ಎಷ್ಟು ಚೆನ್ನಾಗಿದೆ.”

ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಸಿರಿಲ್‌ರ ಫೋನು ಸದ್ದು ಮಾಡುತ್ತದೆ. ಫಿನ್ಲೆಂಡಿನಿಂದ ಮೇಲ್: ಮೂರು ರಾಣಿಗಳು ಬೇಕು. ಸಿರಿಲ್ ಅದನ್ನು ಗಟ್ಟಿಯಾಗಿ ಎರಡು ಸಲ ಓದುತ್ತಾರೆ, ಆಮೇಲೆ ಅತಿಥಿಗಳ ಚಪ್ಪಲಿಯಲ್ಲೇ ಬೀದಿಗಿಳಿದು ಸಂಘದ ಕಡೆ ಓಡುತ್ತಾರೆ.