ಭಟ್ರ ರೆಫರೆನ್ಸ್

ನನ್ನ ಬಲಗೈ ಎದೆಯ ಮಟ್ಟಕ್ಕೂ ಏಳದೆ ಎರಡು ತಿಂಗಳಾಗಿತ್ತು. ದೋಸೆ ಮಗುಚುವುದನ್ನು ಎಡಗೈಗೆ ಕಲಿಸಿದೆ. ಆದರೆ ದೇವರಿಗೆ ಎಡಗೈಯಲ್ಲಿ ಆರತಿ ಎತ್ತಲು ಮನಸ್ಸು ಒಪ್ಪಲಿಲ್ಲ. ಪೂಜೆ ಯಜಮಾನರ ಪಾಲಾಯಿತು. ಅವರು ಹೋಟೆಲಿನ ಕೌಂಟರಿನಲ್ಲಿ ಕೂರುವವರು. ತಟ್ಟೆಯನ್ನು ಒಂದೇ ಸುತ್ತು ತಿರುಗಿಸಿ, ಲೋಕಲ್ ಟ್ರೇನು ತಪ್ಪುತ್ತದೆಂದು ಚಪ್ಪಲಿ ಹುಡುಕುತ್ತಿದ್ದರು. ನೋಡಿ ನೋಡಿ ರೋಸಿಹೋಯಿತು.

ಮೂಳೆ ಡಾಕ್ಟರು ಎರಡು ಸಲ ತಾರೀಕು ಕೊಟ್ಟು, ಎರಡು ಸಲವೂ ಸಿಗಲಿಲ್ಲ. ಮಾಟುಂಗದ ದೇವಸ್ಥಾನದಲ್ಲಿ ಅರ್ಚಕರ ಹೆಂಡತಿ, ತನ್ನ ಭುಜ ಸರಿಮಾಡಿದ ಫಿಸಿಯೋ ಅಲ್ಲೇ ಹತ್ತಿರ ಇದ್ದಾಳೆ, ಡಾಕ್ಟರ ಚೀಟಿ ಎಂತದೂ ಬೇಡ, ಸೀದಾ ಹೋಗಿ ಎಂದರು.

"ಚೀಟಿ ಇಲ್ಲದೆ ಹೋದ್ರೆ ಬಾಗಿಲಲ್ಲೇ ವಾಪಸ್ ಕಳಿಸ್ತಾರೆ ಮಾರಾಯ್ತಿ," ಎಂದರು ನಮ್ಮ ಯಜಮಾನರು.

ಹಟ ಹಿಡಿದು ಅಂಧೇರಿಯಿಂದ ಹೊರಟೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಹುಡುಗಿ ಸರಿದು ಕೂತು, ಮೂವರ ಸೀಟಿನಲ್ಲಿ ನನ್ನನ್ನು ನಾಲ್ಕನೆಯವಳಾಗಿ ಕೂರಿಸಿಕೊಂಡಳು. ಆ ರಶ್ಶಿನಲ್ಲಿ ಅದೂ ದೇವರ ದಯೆಯೇ.

ಕ್ಲಿನಿಕ್ಕಿನ ಕೌಂಟರಿನವಳು "ರೆಫರೆನ್ಸ್ ಕೌನ್?" ಎಂದಳು. ಈ ಊರಿನಲ್ಲಿ ಬಾಡಿಗೆ ಮನೆ ಹುಡುಕಲು ಹೋದರೂ ಯಾರ ಗುರುತಿನ ಮೇಲೆ ಬಂದಿರಿ ಎಂದೇ ಕೇಳುತ್ತಾರೆ. ಅರ್ಚಕರ ಹೆಂಡತಿಗಿಂತ ಅರ್ಚಕರ ಗುರುತಿಗೇ ತೂಕ ಹೆಚ್ಚೆಂದು "ಹಮಾರಾ ಭಟ್ರು" ಎಂದೆ. ನಮ್ಮ ಕಡೆ ಅರ್ಚಕರನ್ನು ಭಟ್ರು ಎನ್ನುವುದು ಅವಳಿಗೇನು ಗೊತ್ತು! ಡಾಕ್ಟರ್ ಭಟ್ ಎಂದು ಬರೆದುಕೊಂಡಳು.

ಒಂದು ಗಂಟೆ ಕಾಯಿಸಿದ ಮೇಲೆ ಫಿಸಿಯೋ ಒಳಗೆ ಕರೆದಳು, ಮರಾಠಿ ಹುಡುಗಿ. ಭಟ್ ಏನು ಹೇಳಿದರು ಎಂದು ಹಿಂದಿಯಲ್ಲಿ ಕೇಳಿದಳು. ಅಡ್ಡಬೀಳುವುದು ಬೇಡ, ನಿಂತೇ ಕೈಮುಗಿದರೆ ಸಾಕು ಎಂದಿದ್ದಾರೆ ಎಂದೆ. ಅದನ್ನೂ ಬರೆದುಕೊಂಡಳು. ಎಕ್ಸ್‌ರೇ? ಅದೆಲ್ಲ ಅವರು ನೋಡುವುದಿಲ್ಲ ಎಂದೆ.

"ಶುಗರ್ ಇದೆಯಾ ಅಂತಲಾದರೂ ಕೇಳಿದರಾ?"

"ಕೇಳ್ತಾರಲ್ಲ, ಪ್ರತೀ ಸಲ. ಪಂಚಕಜ್ಜಾಯ ಕೊಡುವಾಗ."

"ಅದು ಯಾವ ಔಷಧಿ?"

"ಔಷಧಿ ಅಲ್ಲ ಬೇಟಾ, ಪ್ರಸಾದ. ಕಾಯಿ, ಬೆಲ್ಲ, ಕಡ್ಲೆ."

ಅವಳ ಪೆನ್ನು ನಿಂತಿತು. ಭಟ್ ಅಂದರೆ ಪೂಜಾರಿಯಾ ಎಂದಳು. ಚೀಟಿ ಇಲ್ಲವೆಂದು ವಾಪಸ್ ಕಳಿಸಬೇಡ, ಎರಡು ತಿಂಗಳಿಂದ ದೇವರಿಗೆ ಆರತಿ ಎತ್ತಿಲ್ಲ ಎಂದು ಬೇಡಿಕೊಂಡೆ.

"ಚೀಟಿ ಬೇಡ ಆಂಟಿ. ಆದರೆ ಡಾಕ್ಟರು ನೋಡಿದ್ದಾರೆ ಅಂದುಕೊಂಡು ನಾನು ಅರ್ಧ ಪ್ರಶ್ನೆ ಬಿಡುತ್ತಿದ್ದೆ. ನಿಮಗೇನಾದರೂ ಆಗಿದ್ದರೆ?"

ಮತ್ತೆ ಮೊದಲಿನಿಂದ ಶುರು. ಬಿದ್ದಿದ್ದಿರಾ, ಎದೆ ನೋಯುತ್ತದಾ, ಬೆರಳು ಜೋಮು ಹಿಡಿಯುತ್ತದಾ? ಉತ್ತರ ಹೇಳಿ ಸಾಕಾಯಿತು. ಆದರೂ ಅವಳು ಹೇಳಿದ್ದು ಸರಿಯೇ. ಭುಜದ ಕೀಲು ಬಿಗಿದುಕೊಂಡಿದೆ, ಸಡಿಲವಾಗಲು ತಿಂಗಳುಗಳೇ ಬೇಕು ಎಂದಳು. ರಕ್ತ ಪರೀಕ್ಷೆ ಮಾಡಿಸಲೇಬೇಕು, ಜೋಮು ಹಿಡಿದರೆ ತಾನೇ ಡಾಕ್ಟರ ಹತ್ತಿರ ಕಳಿಸುತ್ತೇನೆ ಎಂದಳು. ಆಮೇಲೆ ಕೈ ಹಿಡಿದು ಮೇಲೆತ್ತಿದಳು ನೋಡಿ, ಊರಿನ ದೈವ ದೇವರೆಲ್ಲ ಒಟ್ಟಿಗೇ ನೆನಪಾದರು.

ಮೂರು ವಾರ ಹೋಗಿ ಬಂದೆ. ರಕ್ತದಲ್ಲಿ ಶುಗರ್ ಸಿಗಲಿಲ್ಲ, ಅಷ್ಟು ಉಪಕಾರ. ಕೈ ಮಾತ್ರ ಎದೆಯ ಮಟ್ಟಕ್ಕೆ ಬಂದು ಅಲ್ಲಿಂದ ಮೇಲೆ ಹೋಗುವುದಿಲ್ಲ ಎಂದು ಕೂತಿತು. ಕಾಯಲು ನನಗೆ ತಾಳ್ಮೆ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ದೇವರ ಪಟಗಳನ್ನು ಗೋಡೆಯಿಂದ ಇಳಿಸಿ, ಸ್ಟೂಲಿನ ಮೇಲೆ ಮಣೆ ಹಾಕಿ ಕೂರಿಸಿದೆ. ಇವರು ಮುಹೂರ್ತ ಕೇಳಿದ್ದೀಯಾ ಎಂದು ಗೊಣಗಿದರು. ಬಲಗೈಯಲ್ಲೇ ತಟ್ಟೆ ಹಿಡಿದು ಮೂರು ಸುತ್ತು ಆರತಿ ಎತ್ತಿದೆ.