ಅತ್ತೆಯ ಫ್ರಿಜ್ಜಿನಲ್ಲಿ ಆ್ಯಂಟಿಬಾಡಿ

ಗೆಳೆಯರೇ, ಇಂದು ಬೆಳಿಗ್ಗೆ ಘಟಪ್ರಭಾದ ನಮ್ಮ ಲ್ಯಾಬಿನ ಫ್ರಿಜ್ ಕೆಟ್ಟಿತು. ಹೊಳೆಯುವ ಬಣ್ಣ ಅಂಟಿಸಿದ ಆ್ಯಂಟಿಬಾಡಿಯ ಪುಟ್ಟ ಶೀಶೆ ಮಧ್ಯಾಹ್ನದವರೆಗೆ ತಂಪಾಗಿರಬೇಕಿತ್ತು, ಮನೆಗೆ ತಂದೆ. ಸ್ನಾಯುವಿನ ಡೆಸ್ಮಿನ್ ಎಂಬ ಪ್ರೋಟೀನನ್ನು ಅದು ಬೆಳಗಿ ತೋರಿಸುತ್ತದೆ. ಕೌಜಲಗಿಯ ಹೆಣ್ಣುಮಗಳೊಬ್ಬಳ ಹೊಟ್ಟೆಯ ಗಡ್ಡೆಯಲ್ಲಿ ಉಳಿದ ಪರೀಕ್ಷೆಗಳಿಗೆ ಕ್ಯಾನ್ಸರಿನ ಲಕ್ಷಣ ಕಂಡಿರಲಿಲ್ಲ; ಇದೂ ಬೆಳಗಿದರೆ ಅದು ಸ್ನಾಯುವಿನ ನಿರುಪದ್ರವಿ ಗಡ್ಡೆ ಎಂದು ಖಾತ್ರಿ.

"ಇದನ್ನ ಎದರಿಂದ ಮಾಡ್ಯಾರ?" ಜೈನ ಮನೆತನದ ನಮ್ಮತ್ತೆ ಕೇಳಿದರು.

ಸುಳ್ಳು ಹೇಳಲಾಗಲಿಲ್ಲ. "ಇಲಿಯಿಂದ್ರಿ, ಅತ್ತಿ."

"ನನ್ನ ಫ್ರಿಜ್ಜಿನ್ಯಾಗ ಇಲಿ ಇಡ್ತೀಯೇನ?"

"ಆ ಹೆಣ್ಮಗಳು ಕಾಯಾಕತ್ತಾಳ್ರಿ."

ಅತ್ತೆ ಹಾಲು, ಮೊಸರು, ಬೆಣ್ಣೆ ಎಲ್ಲ ಹೊರಗಿಟ್ಟರು. "ಇಡು. ಯಾರೂ ಬಾಗಲಾ ತಗೀಬ್ಯಾಡ್ರಿ."

ಸಂಜೆ ಲ್ಯಾಬಿನ ಸೂಕ್ಷ್ಮದರ್ಶಕದಡಿ ಗಡ್ಡೆಯ ತುಣುಕು ಹಸಿರಾಗಿ ಬೆಳಗಿತು.

"ಅಕಿ ಗೆದ್ಲು ಬಿಡು," ಎಂದ ಅತ್ತೆ ಈಗ ಫ್ರಿಜ್ಜನ್ನು ಮೂರನೇ ಸಲ ತೊಳೆಯುತ್ತಿದ್ದಾರೆ.